ಹೊಯ್ಗೆಗೂ ಒಂದು ಚೀಟಿ ಇದೆ: ಕಟ್ಟಡ ಕಟ್ಟುವವರು ತಿಳಿಯಬೇಕಾದ ಸಂಗತಿ

ನಾವು ಕರಾವಳಿಯವರು ಹೊಯ್ಗೆ ಎನ್ನುತ್ತೇವೆ. ಗದಗ ಜಿಲ್ಲೆಯ ಬೆಳ್ಳಟ್ಟಿ ಕಡೆಯವರು ಉಸುಕು ಎನ್ನುತ್ತಾರೆ. ಸರಕಾರದ ಕಾಗದದಲ್ಲಿ ಅದು ಮರಳು, ಕಾನೂನಿನ ಪುಸ್ತಕದಲ್ಲಿ ಉಪಖನಿಜ. ಹೆಸರು ನಾಲ್ಕಾದರೂ ವಸ್ತು ಒಂದೇ, ಅದರ ಸುತ್ತ ನಡೆಯುವ ವ್ಯವಹಾರವೂ ಬಹುಮಟ್ಟಿಗೆ ಒಂದೇ.

ನಮ್ಮ ಧರ್ಮಕೇಂದ್ರಗಳಲ್ಲಿ ಒಂದಲ್ಲ ಒಂದು ಕಟ್ಟಡ ಕೆಲಸ ನಡೆಯುತ್ತಲೇ ಇರುತ್ತದೆ. ಒಮ್ಮೆ ಚರ್ಚಿನ ನವೀಕರಣ, ಒಮ್ಮೆ ಶಾಲೆಗೆ ಹೊಸ ಕೊಠಡಿ, ಒಮ್ಮೆ ಬಡ ಕುಟುಂಬವೊಂದಕ್ಕೆ ಮನೆ. ಕೊನೆಗೆ ಲೆಕ್ಕ ಮಂಡಿಸುವಾಗ ಸಿಮೆಂಟಿನ ಬಿಲ್ಲು ಇರುತ್ತದೆ, ಕಬ್ಬಿಣದ ಬಿಲ್ಲು ಇರುತ್ತದೆ. ಹೊಯ್ಗೆಯ ಎದುರು ಮಾತ್ರ ಲೋಡು ಇಷ್ಟು, ಹಣ ಇಷ್ಟು ಎಂಬ ಒಂದೇ ಸಾಲು. ಅದು ಎಲ್ಲಿಂದ ಬಂತು ಎಂದು ಸಭೆಯಲ್ಲಿ ಕೇಳಿದವರು ಕಡಿಮೆ. ಈ ಲೇಖನ ಆ ಪ್ರಶ್ನೆಯ ಕುರಿತು.

ಬೆಳ್ಳಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ನಮ್ಮಲ್ಲಿ ಗಾರೆ ಮತ್ತು ಕಾಂಕ್ರೀಟ್ ಕೆಲಸಕ್ಕೆ ಬರುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು ಬಹಳ ಮಂದಿ. ನಮ್ಮ ಗೋಡೆ ಕಟ್ಟುವವರ ಊರಿನಲ್ಲಿ ಹೊಳೆಗೂ ಗುಡ್ಡಕ್ಕೂ ಏನಾಗುತ್ತಿದೆ ಎಂಬುದನ್ನು ನಾವು ತಿಳಿಯಬೇಡವೇ? ಇನ್ನೂ ಒಂದು ಮಾತು. ನಮ್ಮೂರಿನ ಹೊಯ್ಗೆಯ ವಿಷಯ ಬಂದಾಗ ನಾವು ಬೇಗನೆ ಒಂದು ಪಕ್ಷ ಹಿಡಿದುಬಿಡುತ್ತೇವೆ. ಸ್ವಲ್ಪ ದೂರದ ಊರನ್ನು ನೋಡಿದರೆ ವ್ಯವಸ್ಥೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಒಂದು ಕಡೆ ಹೊಳೆ, ಒಂದು ಕಡೆ ಗುಡ್ಡ

ಬೆಳ್ಳಟ್ಟಿ ಶಿರಹಟ್ಟಿ ತಾಲೂಕಿನ ಊರು. ತಾಲೂಕಿನ ದಕ್ಷಿಣದ ಗಡಿಯಲ್ಲಿ ತುಂಗಭದ್ರೆ ಹರಿಯುತ್ತಾಳೆ. ಇನ್ನೊಂದು ಬದಿಗೆ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಚಾಚಿಕೊಂಡ ಕಪ್ಪತಗುಡ್ಡ. ಹೊಳೆಯಲ್ಲಿ ಉಸುಕು, ಗುಡ್ಡದ ಸೀಮೆಯಲ್ಲಿ ಕಲ್ಲು ಮತ್ತು ಗರಸು. ಮನೆ ಕಟ್ಟಲು ಬೇಕಾದ ಮೂರೂ ವಸ್ತುಗಳು ಹತ್ತಿರದಲ್ಲೇ ಇವೆ. ಹಾಗಾಗಿಯೇ ಪೇಟೆಯ ಕಣ್ಣೂ ಅಲ್ಲೇ ಇದೆ.

ಹೊಳೆಯ ತಳದ ಉಸುಕು ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಅದು ನೀರನ್ನು ಹಿಡಿದಿಟ್ಟು, ಬೇಸಗೆಯಲ್ಲಿ ದಂಡೆಯ ಊರುಗಳ ಬಾವಿಗೂ ಕೊಳವೆಬಾವಿಗೂ ನೀರುಣಿಸುತ್ತದೆ. ಗದಗ-ಬೆಟಗೇರಿ ಅವಳಿ ನಗರ ಕುಡಿಯುವುದು ಇದೇ ತುಂಗಭದ್ರೆಯ ನೀರನ್ನು. ಅಂದರೆ ಕುಡಿಯುವ ನೀರನ್ನೂ ಕಟ್ಟುವ ಉಸುಕನ್ನೂ ಒಂದೇ ಹೊಳೆಯಿಂದ ಕೇಳುತ್ತಿದ್ದೇವೆ. ಒಂದನ್ನು ಮಿತಿಮೀರಿ ತೆಗೆದರೆ ಇನ್ನೊಂದು ಕಡಿಮೆಯಾಗುತ್ತದೆ.

ಕಾನೂನು ಏನು ಹೇಳುತ್ತದೆ?

1957ರ ಗಣಿ ಮತ್ತು ಖನಿಜಗಳ ಕಾಯ್ದೆ ಕಟ್ಟಡ ಕಲ್ಲು, ಜಲ್ಲಿ, ಸಾಮಾನ್ಯ ಮರಳು ಇವನ್ನು ಉಪಖನಿಜ ಎಂದು ಕರೆದು, ಅವುಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಕರ್ನಾಟಕದಲ್ಲಿ ಈಗಲೂ ಆಧಾರವಾಗಿರುವುದು 1994ರ ಉಪಖನಿಜ ರಿಯಾಯಿತಿ ನಿಯಮಗಳು. ಬಹುಕಾಲ ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳಿಗೆ ಪರಿಸರ ಅನುಮತಿ ಬೇಕಿರಲಿಲ್ಲ. ಹೀಗಾಗಿ ದೊಡ್ಡ ಜಾಗವನ್ನು ಚಿಕ್ಕ ತುಂಡುಗಳಾಗಿ ಮಾಡಿ ಗುತ್ತಿಗೆ ಕೊಡುವ ಉಪಾಯ ಹುಟ್ಟಿತು. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ ಈ ಬಾಗಿಲು ಮುಚ್ಚಿತು. ಎಷ್ಟೇ ಚಿಕ್ಕ ಗುತ್ತಿಗೆಯಾದರೂ ಪರಿಸರ ಅನುಮತಿ ಬೇಕು ಎಂದಿತು.

ಆ ಬಳಿಕ 2016ರಲ್ಲೂ 2020ರಲ್ಲೂ ಕೇಂದ್ರ ಪರಿಸರ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಪ್ರತಿ ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮರಳಿದೆ, ವರ್ಷಕ್ಕೆ ಎಷ್ಟು ಹೊಸದಾಗಿ ಬಂದು ಸೇರುತ್ತದೆ ಎಂಬ ಜಿಲ್ಲಾ ಸಮೀಕ್ಷಾ ವರದಿ ಇರಬೇಕು. ಮೂರು ಮೀಟರಿಗಿಂತ ಆಳ ತೋಡಬಾರದು. ಮಳೆಗಾಲದಲ್ಲಿ ನದಿಯಿಂದ ತೆಗೆಯಬಾರದು. ಸೇತುವೆಯಿಂದ ನಿಗದಿತ ಅಂತರ ಬಿಡಬೇಕು.

ರಾಜ್ಯದ 2020ರ ಮರಳು ನೀತಿ ಕೆಲಸವನ್ನು ಹೀಗೆ ಹಂಚಿತು: ಚಿಕ್ಕ ಹಳ್ಳ ತೊರೆಗಳ ಮರಳು ಗ್ರಾಮ ಪಂಚಾಯತಿಗಳ ಮೂಲಕ, ದೊಡ್ಡ ನದಿಗಳ ಮರಳು ಹಟ್ಟಿ ಚಿನ್ನದ ಗಣಿ ಕಂಪನಿ ಹಾಗೂ ರಾಜ್ಯ ಖನಿಜ ನಿಗಮದ ಮೂಲಕ. ಕರಾವಳಿಯಲ್ಲಿ ಇದಕ್ಕೆ ಸಿ.ಆರ್.ಝೆಡ್. ನಿಯಮವೂ ಸೇರುತ್ತದೆ. ನಮ್ಮ ಅಳಿವೆ ಪ್ರದೇಶಗಳಲ್ಲಿ ಮರಳು ದಿಬ್ಬವನ್ನು ಸಾಂಪ್ರದಾಯಿಕವಾಗಿ ಈ ಕೆಲಸ ಮಾಡುತ್ತ ಬಂದವರು ಯಂತ್ರ ಬಳಸದೆ ಕೈಯಿಂದ ಮಾತ್ರ ತೆಗೆಯಬಹುದು ಎಂಬುದು 2011ರಿಂದ ಬಂದ ಏರ್ಪಾಡು.

ನಿಯಮಗಳ ಕೊರತೆ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಾಗಾದರೆ ತೊಂದರೆ ಎಲ್ಲಿ?

ಶಿಕ್ಷೆ ಯಾರಿಗೆ, ಲಾಭ ಯಾರಿಗೆ?

2017ರ ಫೆಬ್ರವರಿಯಲ್ಲಿ, ಆಗ ಶಿರಹಟ್ಟಿ ತಾಲೂಕಿನಲ್ಲೇ ಇದ್ದ ಲಕ್ಷ್ಮೇಶ್ವರದಲ್ಲಿ ಒಂದು ಘಟನೆ ನಡೆಯಿತು. ಅಕ್ರಮ ಮರಳು ಸಾಗಾಟದ ಆರೋಪದ ಮೇಲೆ ಪೊಲೀಸರು ಹಿಡಿದ ಯುವ ಚಾಲಕನೊಬ್ಬ ಮೃತಪಟ್ಟ. ಪೊಲೀಸರ ವಶದಲ್ಲಿದ್ದಾಗಲೇ ಸತ್ತ ಎಂಬ ಸಿಟ್ಟಿನಿಂದ ಜನ ಠಾಣೆಗೆ ಬೆಂಕಿ ಹಚ್ಚಿದರು.

ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಕುಂದಾಪುರದ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ಹೋದ ಉಡುಪಿ ಜಿಲ್ಲಾಧಿಕಾರಿ ಮತ್ತು ಕುಂದಾಪುರ ಉಪವಿಭಾಗಾಧಿಕಾರಿಯವರ ಮೇಲೆ ಹಲ್ಲೆಗೆ ಯತ್ನ ನಡೆಯಿತು. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನಲ್ಲಿ ಮರಳಿನ ಟ್ರ್ಯಾಕ್ಟರ್ ಹರಿದು ಹೆಡ್ ಕಾನ್‌ಸ್ಟೇಬಲ್ ಒಬ್ಬರು ಪ್ರಾಣ ಕಳೆದುಕೊಂಡರು.

ಈ ಮೂರು ಘಟನೆಗಳನ್ನು ಜೊತೆಗಿಟ್ಟು ನೋಡಬೇಕು. ಒಂದೆಡೆ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕ. ಇನ್ನೊಂದೆಡೆ ರಾತ್ರಿ ರಸ್ತೆಯಲ್ಲಿ ನಿಂತ ಸರಕಾರಿ ನೌಕರ. ಘರ್ಷಣೆ ಇವರಿಬ್ಬರ ನಡುವೆ. ಗಾಡಿಯ ಮಾಲಕ, ಹಣ ಹಾಕಿದವ, ಕಣ್ಣು ಮುಚ್ಚಿದವ ಮತ್ತು ಮರಳು ಕೊಂಡ ನಾವು, ಇಷ್ಟೂ ಮಂದಿ ಆ ಹೊತ್ತಿಗೆ ಮನೆಯಲ್ಲಿ ನಿದ್ದೆಯಲ್ಲಿರುತ್ತೇವೆ.

ಹೀಗಾಗಲು ಕಾರಣ ಸರಳ. ಬೇಡಿಕೆ ನಿತ್ಯದ್ದು. ಅನುಮತಿ ಪಡೆದ ಮರಳು ತಡವಾಗಿ ಬರುತ್ತದೆ ಮತ್ತು ದುಬಾರಿ. ಅನುಮತಿ ಇಲ್ಲದ್ದು ಫೋನು ಮಾಡಿದ ರಾತ್ರಿಯೇ ಅಂಗಳಕ್ಕೆ ಬೀಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸದ ಹಣವೇ ಮರಳಿನ ರಾಜಕೀಯ. ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇದೆ. ಕಳವಿನ ಪ್ರಕರಣವನ್ನೂ ಹೂಡಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೆ ಹಿಡಿಯುವುದು ಗಾಡಿಯನ್ನು ಮಾತ್ರವಾದರೆ ಸಿಕ್ಕಿಬೀಳುವವನು ಚಾಲಕನೇ.

ನದಿಯ ಬದಲು ಗುಡ್ಡ?

ನದಿ ಮರಳು ಬೇಡ, ಎಂ-ಸ್ಯಾಂಡ್ ಹಾಕಿದರಾಯಿತು ಎಂದು ಹೇಳುವುದುಂಟು. ಗಟ್ಟಿ ಕಲ್ಲನ್ನು ಕ್ರಷರಿನಲ್ಲಿ ಪುಡಿಮಾಡಿ, ಧೂಳು ತೊಳೆದು ತಯಾರಿಸಿದ ಎಂ-ಸ್ಯಾಂಡ್ ಒಳ್ಳೆಯ ವಸ್ತುವೇ. ಐ.ಎಸ್. 383 ಮಾನಕದ 2016ರ ಆವೃತ್ತಿ ಅದನ್ನು ಒಪ್ಪಿದೆ. ತೊಳೆಯದ ಕ್ರಷರ್ ಪುಡಿಯನ್ನು ಎಂ-ಸ್ಯಾಂಡ್ ಎಂದು ಕೊಡುವವರೂ ಇದ್ದಾರೆ. ಅದೇ ರೀತಿ ಕೆರೆ, ಹೊಲದ ಮಣ್ಣನ್ನು ತೊಳೆದು ತೆಗೆದ ಫಿಲ್ಟರ್ ಮರಳು ಕೂಡ ಅಪಾಯಕಾರಿ. ಜೇಡಿ ಉಳಿದ ಮರಳಿಗೆ ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲ.

ಎಂ-ಸ್ಯಾಂಡಿಗೂ ಕಲ್ಲು ಬೇಕು, ಕಲ್ಲಿಗೆ ಗುಡ್ಡ ಬೇಕು. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಿತು, 2016ರಲ್ಲಿ ಹಿಂದೆಗೆಯಲಾಯಿತು, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮತ್ತು ಊರವರ ಹೋರಾಟದ ಬಳಿಕ 2017ರಲ್ಲಿ ಮರಳಿ ಬಂತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಭಯಾರಣ್ಯದೊಳಗೂ ಅದರ ಗಡಿಯಿಂದ ಒಂದು ಕಿಲೋಮೀಟರ್ ಒಳಗೂ ಗಣಿಗಾರಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ.

ಕಲ್ಲಿನ ಬೆಲೆಯನ್ನು ಜೀವದಿಂದ ತೆತ್ತವರನ್ನೂ ಮರೆಯಬಾರದು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕಲ್ಲುಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿಯಿತು. ಹಿರೇನಾಗವಲ್ಲಿಯೊಂದರಲ್ಲೇ ಆರು ಮಂದಿ ಸತ್ತರು.

ಒಡೆದ ಗೋಡೆ ಎಲ್ಲಿಗೆ ಹೋಗುತ್ತದೆ?

ಕಟ್ಟುವುದರ ಇನ್ನೊಂದು ತುದಿ ಒಡೆಯುವುದು. ಬೆಳ್ಳಟ್ಟಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆ ಬಿಚ್ಚಿದರೆ ಮಣ್ಣು ಹೊಲಕ್ಕೆ, ತೊಲೆ ಮತ್ತು ಕಲ್ಲು ಹೊಸ ಮನೆಗೆ ಹೋಗುತ್ತಿತ್ತು. ನಮ್ಮಲ್ಲಿಯೂ ಹಂಚು, ಮುರಕಲ್ಲು, ಮರ ಎಲ್ಲವೂ ಮತ್ತೆ ಬಳಕೆಗೆ ಬರುತ್ತಿದ್ದವು. ಕಾಂಕ್ರೀಟ್ ಬಂದ ಮೇಲೆ ಒಡೆದದ್ದು ತೋಡಿನ ಬದಿಗೆ, ಗದ್ದೆಗೆ, ಕೆರೆಯಂಚಿಗೆ ಸೇರುತ್ತಿದೆ.

2016ರ ಮಾರ್ಚ್‌ನಲ್ಲಿ ಬಂದ ಕಟ್ಟಡ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ತ್ಯಾಜ್ಯ ಮಾಡುವವರು ಅದನ್ನು ನಾಲ್ಕಾಗಿ ಬೇರ್ಪಡಿಸಬೇಕು ಎಂದವು: ಕಾಂಕ್ರೀಟ್; ಮಣ್ಣು; ಕಬ್ಬಿಣ, ಮರ ಮತ್ತು ಪ್ಲಾಸ್ಟಿಕ್; ಇಟ್ಟಿಗೆ ಮತ್ತು ಗಾರೆ. 2025ರಲ್ಲಿ ಹೊರಡಿಸಿದ, 2026ರ ಏಪ್ರಿಲ್ 1 ಜಾರಿ ದಿನಾಂಕವಾಗಿರುವ ಹೊಸ ನಿಯಮಗಳು 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿರ್ಮಾಣಗಳ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ನಮ್ಮ ಚರ್ಚು, ಶಾಲೆಗಳ ಹೆಚ್ಚಿನ ಕೆಲಸ ಅಷ್ಟು ದೊಡ್ಡದಲ್ಲ. ಹಾಗೆಂದು ತೋಡಿಗೆ ಸುರಿಯಲು ಅಪ್ಪಣೆ ಸಿಕ್ಕಂತಲ್ಲ. ಪುಡಿ ಮಾಡಿದ ಹಳೆಯ ಕಾಂಕ್ರೀಟನ್ನು ಕಬ್ಬಿಣ ಇಲ್ಲದ ಕಾಂಕ್ರೀಟಿನಲ್ಲಿ ಶೇಕಡಾ 25ರವರೆಗೆ ಬೆರೆಸಲು ಐ.ಎಸ್. 383 ಒಪ್ಪುತ್ತದೆ. ಅಂಗಳ, ಕಾಲುದಾರಿ, ಪಾಗಾರದ ಅಡಿಪಾಯಕ್ಕೆ ಇದನ್ನು ಇಂಜಿನಿಯರರ ಸಲಹೆ ಪಡೆದು ಬಳಸಬಹುದು.

ನಾವೇ ವಿಚಾರಿಸುವುದು ಹೇಗೆ?

ಈ ವಿಷಯದ ಅಧ್ಯಯನಕ್ಕೆ ಪಂಡಿತರೇ ಬೇಕೆಂದಿಲ್ಲ. ಕಟ್ಟಡ ಸಮಿತಿಯವರು, ವಾರ್ಡಿನ ಗುರಿಕಾರರು, ಯುವಜನರು ಮಾಡಬಹುದಾದ ಕೆಲಸ ಇದು.

ಮೊದಲನೆಯದು, ಚೀಟಿ ಕೇಳುವುದು. ಅನುಮತಿ ಪಡೆದ ಪ್ರತಿ ಲೋಡಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಾಟ ಪರವಾನಗಿ ಇರುತ್ತದೆ. ವಾಹನದ ನಂಬರು, ಎಲ್ಲಿಂದ, ಎಲ್ಲಿಗೆ, ಎಷ್ಟು ಟನ್, ಯಾವ ಹೊತ್ತಿನವರೆಗೆ ಎಂಬುದು ಅದರಲ್ಲಿ ಇರುತ್ತದೆ. ಗಾಡಿಯ ನಂಬರಿಗೂ ಚೀಟಿಗೂ ತಾಳೆ ಇದೆಯೇ ನೋಡಬೇಕು, ಪ್ರತಿ ತೆಗೆದು ಬಿಲ್ಲಿನ ಜೊತೆ ಇಡಬೇಕು.

ಎರಡನೆಯದು, ಲೆಕ್ಕ ಹಾಕುವುದು. ಉತ್ತರ ಕರ್ನಾಟಕದಲ್ಲಿ ಉಸುಕನ್ನು ಬ್ರಾಸ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ತೂಕದಲ್ಲಿ ಸುಮಾರು ನಾಲ್ಕೂವರೆ ಟನ್. ಚೀಟಿಯಲ್ಲಿ ಇರುವುದು ಟನ್. ಗಾಡಿಯಲ್ಲಿ ಮೂರು ಬ್ರಾಸ್ ಇದ್ದು ಚೀಟಿಯಲ್ಲಿ ಎಂಟು ಟನ್ ಇದ್ದರೆ, ಉಳಿದ ಐದು ಟನ್ನಿಗೂ ಹೆಚ್ಚು ಮರಳು ಲೆಕ್ಕಕ್ಕೇ ಬಂದಿಲ್ಲ ಎಂದರ್ಥ.

ಮೂರನೆಯದು, ಮಾಹಿತಿ ಕೇಳುವುದು. ಜಿಲ್ಲಾ ಸಮೀಕ್ಷಾ ವರದಿ, ಗುತ್ತಿಗೆಯ ಪರಿಸರ ಅನುಮತಿ ಮತ್ತು ಅದರ ಷರತ್ತುಗಳು, ಒಂದು ವರ್ಷದಲ್ಲಿ ಕೊಟ್ಟ ಪರವಾನಗಿಗಳ ಒಟ್ಟು ಟನ್ ಇವೆಲ್ಲ ಸಾರ್ವಜನಿಕ ದಾಖಲೆಗಳು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬ ನಿಯಮವಿರುವುದರಿಂದ ಚಿಕ್ಕದಾಗಿ ಬರೆಯಬೇಕು. ವರದಿ ಹೇಳಿದ ಪ್ರಮಾಣಕ್ಕೂ ಪರವಾನಗಿಯ ಮೊತ್ತಕ್ಕೂ ಇರುವ ಅಂತರವೇ ಬಹಳಷ್ಟು ಹೇಳುತ್ತದೆ. ರಾತ್ರಿ ಗಾಡಿ ಅಡ್ಡಗಟ್ಟುವ ಸಾಹಸ ಮಾತ್ರ ಯಾರೂ ಮಾಡಬಾರದು.

ಕೊನೆಯ ಮಾತು

ಚೀಟಿ ಇರುವ ಮರಳಿಗೆ ಕೆಲವು ಸಾವಿರ ಹೆಚ್ಚಾಗಬಹುದು, ಕೆಲಸ ಕೆಲವು ದಿನ ತಡವಾಗಬಹುದು. ವಾರ್ಷಿಕ ಹಬ್ಬಕ್ಕೆ ಮುಂಚೆ ಮುಗಿಯಲೇಬೇಕೆಂಬ ಒತ್ತಡ ನಮಗೆ ಗೊತ್ತು. ನಾವೂ ಅಂಥ ಸಭೆಗಳಲ್ಲಿ ಕುಳಿತು, ಕೇಳಬೇಕಾದ್ದನ್ನು ಕೇಳದೆ ಎದ್ದು ಬಂದದ್ದುಂಟು. ಆದರೆ ಉಳಿಸಿದ ಆ ಹಣವನ್ನು ಬೇರೆ ಯಾರೋ ತೆತ್ತಿರುತ್ತಾರೆ. ಹೊಳೆದಂಡೆಯ ಬಾವಿ ಬತ್ತಿದವರು, ರಾತ್ರಿ ರಸ್ತೆಯಲ್ಲಿ ನಿಂತ ಕಾನ್‌ಸ್ಟೇಬಲ್, ಟ್ರಿಪ್ಪಿನ ಆಸೆಗೆ ಗಾಡಿ ಹತ್ತಿದ ಹುಡುಗ.

ಮುಂದಿನ ಕಟ್ಟಡ ಸಮಿತಿಯ ಸಭೆಯಲ್ಲಿ ಸಿಮೆಂಟಿನ ಬಿಲ್ಲು ಕೇಳುವಂತೆಯೇ ಹೊಯ್ಗೆಯ ಚೀಟಿಯನ್ನೂ ಕೇಳೋಣ. ಕೇಳುವವರು ಇದ್ದಾರೆಂದು ಗೊತ್ತಾದರೆ ಕೊಡುವವರೂ ತಯಾರಾಗುತ್ತಾರೆ.