ಗಡಿನಾಡಿನ ಚುನಾವಣಾ ಪ್ರಚಾರ: ಸತ್ಯ, ಪಕ್ಷಪಾತ ಮತ್ತು ಭಾಷೆ

2024ರ ಸಾರ್ವತ್ರಿಕ ಚುನಾವಣೆಯಲ್ಲಿ ಚಿತ್ರದುರ್ಗ ಮತ್ತು ತುಮಕೂರು ಕ್ಷೇತ್ರಗಳಲ್ಲಿ ಏಪ್ರಿಲ್ 26ರಂದು, ಬಳ್ಳಾರಿಯಲ್ಲಿ ಮೇ 7ರಂದು ಮತದಾನ ನಡೆಯಿತು. ಇವುಗಳ ಅಂಚಿನಲ್ಲಿಯೇ ಇರುವ ಆಂಧ್ರಪ್ರದೇಶದ ರಾಯದುರ್ಗ ಮತ್ತು ಮಡಕಶಿರಾಗಳಲ್ಲಿ ಮತದಾನ ನಡೆದದ್ದು ಮೇ 13ರಂದು. ಅಲ್ಲಿ ಲೋಕಸಭೆಯೊಡನೆ ವಿಧಾನಸಭೆಗೂ ಚುನಾವಣೆಯಿತ್ತು. ಕನ್ನಡ ವಾಹಿನಿ ನೋಡುವ, ಕನ್ನಡ ಪತ್ರಿಕೆ ಓದುವ ರಾಯದುರ್ಗದ ಮತದಾರನಿಗೆ ಅವುಗಳಲ್ಲಿ ಕಾಣುವುದು ನೆರೆರಾಜ್ಯದ ಕಣಕ್ಕಾಗಿ ಸಿದ್ಧಪಡಿಸಿದ ಜಾಹೀರಾತು. ಅವನು ಆರಿಸಬೇಕಾದ ಪ್ರತಿನಿಧಿಯನ್ನು ಕುರಿತ ಪ್ರಚಾರವಾದರೋ ಮುಖ್ಯವಾಗಿ ತೆಲುಗಿನದು. ಮಡಕಶಿರಾ ವಿಧಾನಸಭಾ ಕ್ಷೇತ್ರದ ಫಲಿತಾಂಶವು ಆ ವರ್ಷ 351 ಮತಗಳ ಅಂತರದಿಂದ ನಿರ್ಣಯವಾಯಿತು. ಇಂತಹ ಕಡೆ ಪ್ರಚಾರದ ಒಂದೊಂದು ಮಾತಿಗೂ ತೂಕವಿದೆ.

ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ, ಆದವಾನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದಲ್ಲಿ ಉಳಿದವು. ಜಿಲ್ಲೆಯ ಮಿಕ್ಕ ಭಾಗ ಮೈಸೂರಿಗೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಈ ನೆಲದ ಕನ್ನಡಿಗರಿಗೆ ಎದುರಾಗುವ ಪ್ರಶ್ನೆಗಳು ಎರಡು: ಪ್ರಚಾರದಲ್ಲಿನ ಅಸತ್ಯವನ್ನು ಕಾನೂನು ಎಷ್ಟರಮಟ್ಟಿಗೆ ತಡೆಯುತ್ತದೆ? ಭಾಷೆಯ ವಿಷಯವನ್ನು ಪ್ರಚಾರದಲ್ಲಿ ಎತ್ತುವುದು ನ್ಯಾಯಸಮ್ಮತವೇ?

ಮೊದಲನೆಯ ಪ್ರಶ್ನೆಗೆ ಕಾನೂನಿನ ಉತ್ತರ ಸೀಮಿತವಾದುದು. ಪ್ರಜಾಪ್ರಾತಿನಿಧ್ಯ ಕಾಯಿದೆ, 1951ರ 123(4)ನೆಯ ಪ್ರಕರಣದ ಪ್ರಕಾರ, ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಅಥವಾ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಪ್ರಕಟಿಸುವ ಹೇಳಿಕೆ ಭ್ರಷ್ಟಾಚರಣೆಯಾಗುತ್ತದೆ. ಆದರೆ ಅದನ್ನು ಅಭ್ಯರ್ಥಿಯಾಗಲಿ, ಅವನ ಏಜೆಂಟನಾಗಲಿ, ಅವರ ಸಮ್ಮತಿ ಪಡೆದವರಾಗಲಿ ಮಾಡಿರಬೇಕು. 127ಎ ಪ್ರಕರಣವು ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸಗಳನ್ನು ಕಡ್ಡಾಯಗೊಳಿಸಿದೆ. ದೂರದರ್ಶನ ಜಾಹೀರಾತಿನ ಪೂರ್ವ ದೃಢೀಕರಣದ ಮೂಲ ಆಂಧ್ರಪ್ರದೇಶದಲ್ಲಿಯೇ ಇದೆ. ಕೇಬಲ್ ವಾಹಿನಿಗಳಲ್ಲಿ ರಾಜಕೀಯ ಜಾಹೀರಾತನ್ನು ನಿಷೇಧಿಸಿದ್ದ ನಿಯಮವನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2004ರ ಮಾರ್ಚ್‌ನಲ್ಲಿ ತಳ್ಳಿಹಾಕಿತು; ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 13ರಂದು ಪೂರ್ವ ದೃಢೀಕರಣದ ವ್ಯವಸ್ಥೆಯನ್ನು ವಿಧಿಸಿತು.

ಈ ಯಾವ ತಡೆಯೂ ಭರವಸೆಯ ಪ್ರಾಮಾಣಿಕತೆಯನ್ನು ಅಳೆಯುವುದಿಲ್ಲ. ಪ್ರಣಾಳಿಕೆಯಲ್ಲಿನ ಭರವಸೆಗಳು 123ನೆಯ ಪ್ರಕರಣದ ಅರ್ಥದಲ್ಲಿ ಭ್ರಷ್ಟಾಚರಣೆಯಲ್ಲವೆಂದು ಸುಬ್ರಹ್ಮಣ್ಯಂ ಬಾಲಾಜಿ ಪ್ರಕರಣದಲ್ಲಿ (2013) ಸರ್ವೋಚ್ಚ ನ್ಯಾಯಾಲಯ ಹೇಳಿತು. ಅನಂತರ ಮಾದರಿ ನೀತಿಸಂಹಿತೆಗೆ ಪ್ರಣಾಳಿಕೆಯ ಭಾಗ ಸೇರಿತಾದರೂ ಸಂಹಿತೆಗೆ ಶಾಸನದ ಬಲವಿಲ್ಲ. ಇನ್ನೂ ಸೂಕ್ಷ್ಮವಾದ ಅಸತ್ಯವೊಂದಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸುವುದು ಸಂವಿಧಾನದ 350ಎ ಅನುಚ್ಛೇದವು ರಾಜ್ಯದ ಮೇಲೆ ಹೊರಿಸಿದ ಹೊಣೆ. ಆ ಹೊಣೆಯ ನಿರ್ವಹಣೆಯನ್ನು ಪಕ್ಷವೊಂದರ ಕೊಡುಗೆಯೆಂಬಂತೆ ಸಾರಿದರೆ, ಹೇಳಿದ ಸಂಗತಿ ನಿಜವಿದ್ದರೂ ಮೂಡುವ ಭಾವನೆ ಸುಳ್ಳು. ಹಕ್ಕು ಇಲ್ಲಿ ಉಪಕಾರವಾಗಿ ತೋರುತ್ತದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಜಟಿಲ. 1961ರ ತಿದ್ದುಪಡಿಯು ಮತಯಾಚನೆಯಲ್ಲಿ ನಿಷಿದ್ಧವಾದ ಆಧಾರಗಳ ಸಾಲಿಗೆ ಭಾಷೆಯನ್ನೂ ಸೇರಿಸಿತು. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು 4:3ರ ಬಹುಮತದಿಂದ, ಈ ನಿಷೇಧವು ಅಭ್ಯರ್ಥಿಯ ಭಾಷೆಗೆ ಮಾತ್ರವಲ್ಲದೆ ಮತದಾರನ ಭಾಷೆಗೂ ಅನ್ವಯಿಸುತ್ತದೆಂದು ತೀರ್ಮಾನಿಸಿತು. ಮತದಾರರ ನ್ಯಾಯವಾದ ಅಳಲುಗಳ ಚರ್ಚೆಗೆ ಇದರಿಂದ ಧಕ್ಕೆಯಾದೀತೆಂಬುದು ಭಿನ್ನಮತದ ಆತಂಕವಾಗಿತ್ತು. ಅಲ್ಪಸಂಖ್ಯಾತರ ನೆಲದಲ್ಲಿ ಈ ಆತಂಕ ಕೇವಲ ತಾತ್ತ್ವಿಕವಾದುದಲ್ಲ. ಭಾಷೆಯ ಹೆಸರೆತ್ತುವುದೇ ಅಪರಾಧವೆಂಬ ತಪ್ಪು ತಿಳಿವಳಿಕೆ ಹಬ್ಬಿದರೆ ಕನ್ನಡ ಶಾಲೆಯ ಮಾತೇ ಕಣದಿಂದ ಮರೆಯಾಗಬಹುದು.

ಇಲ್ಲಿ ನೆನೆಯಬೇಕಾದುದು 1964ರ ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣ. ಅಂದಿನ ಪಂಜಾಬಿನ ಝಜ್ಜರ್ ಕ್ಷೇತ್ರದಲ್ಲಿ ಹಿಂದಿಯ ರಕ್ಷಣೆಯ ವಿಷಯವನ್ನು ಪ್ರಚಾರದಲ್ಲಿ ಎತ್ತಿದ್ದ ಅಭ್ಯರ್ಥಿಯ ಆಯ್ಕೆಯನ್ನು ಉಚ್ಚ ನ್ಯಾಯಾಲಯ ಅಸಿಂಧುಗೊಳಿಸಿತ್ತು. ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗಿರಿಸಿತು. ಸಂವಿಧಾನದ 29(1)ನೆಯ ಅನುಚ್ಛೇದ ನೀಡಿರುವ ಭಾಷಾರಕ್ಷಣೆಯ ಹಕ್ಕಿನಲ್ಲಿ ಅದಕ್ಕಾಗಿ ಚಳವಳಿ ನಡೆಸುವ ಹಕ್ಕೂ ಅಡಕವಾಗಿದೆ, ಅದು ಭ್ರಷ್ಟಾಚರಣೆಯಲ್ಲ ಎಂಬುದು ಅದರ ನಿಲುವು.

ಹೀಗೆ ಗೆರೆಯೊಂದು ಮೂಡುತ್ತದೆ. ‘ನಾನು ಕನ್ನಡಿಗ, ಆದ್ದರಿಂದ ಮತ ಕೊಡಿ’ ಎಂಬುದು ನಿಷಿದ್ಧವಾದ ಯಾಚನೆ. ‘ಈ ಕನ್ನಡ ಶಾಲೆಯ ಖಾಲಿ ಹುದ್ದೆಗಳನ್ನು ಇಂತಿಷ್ಟು ಕಾಲದಲ್ಲಿ ತುಂಬಿಸಲು ಶ್ರಮಿಸುತ್ತೇನೆ’ ಎಂಬುದು ಸಾರ್ವಜನಿಕ ಕಾರ್ಯಕ್ರಮ. ಮೊದಲನೆಯದನ್ನು ಪರೀಕ್ಷಿಸಲು ಏನೂ ಇಲ್ಲ. ಎರಡನೆಯದನ್ನು ಶಾಲೆ, ಹುದ್ದೆ, ಅವಧಿಗಳ ಲೆಕ್ಕದಿಂದ ಪರೀಕ್ಷಿಸಬಹುದು. ತೆಲುಗಿನಲ್ಲಿ ಕೊಟ್ಟ ಮಾತಿಗೂ ಕನ್ನಡದಲ್ಲಿ ಕೊಟ್ಟ ಮಾತಿಗೂ ಅಂತರವಿದೆಯೇ ಎಂದು ಹೋಲಿಸಿ ನೋಡುವುದು ನ್ಯಾಯಾಲಯ ಮಾಡದ ಕೆಲಸ. ಎರಡೂ ಭಾಷೆ ಬಲ್ಲ ಗಡಿನಾಡಿನ ವಿದ್ವಾಂಸರಿಗೆ ಅದು ಸಾಧ್ಯ. ಕರಪತ್ರಗಳನ್ನು ಸಂಗ್ರಹಿಸಿಟ್ಟು ಐದು ವರ್ಷಗಳ ಅನಂತರ ಮತ್ತೆ ತೆರೆದು ನೋಡುವುದೂ ಅವರಿಂದಲೇ ಆಗಬೇಕಾದ ಕೆಲಸ.