ಜಾರುವ ಗಾಲಿ, ಬಿಡದ ಹಿಡಿತ

ಭಾನುವಾರದ ಮುಂಜಾವದಲ್ಲಿ ಚಿಕ್ಕಬಳ್ಳಾಪುರದ ಬಳಿ 1,478 ಮೀಟರ್ ಎತ್ತರದ ನಂದಿಬೆಟ್ಟವನ್ನೇರುವ ವಾಹನಗಳ ಸಾಲನ್ನು ಕಂಡವರಿಗೆ, ಅಲ್ಲಿಯ ತಿರುವುಗಳು ತರುಣರನ್ನು ಎಷ್ಟು ಸೆಳೆಯುತ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾಲಿಗಳನ್ನು ಬೇಕೆಂದೇ ಜಾರಿಸಿ, ಕಾರನ್ನು ಓರೆಯಾಗಿ ತಿರುವಿನಲ್ಲಿ ಸಾಗಿಸುವ ‘ಡ್ರಿಫ್ಟ್’ ಎಂಬ ವಿದ್ಯೆಯನ್ನು ಚಲಚ್ಚಿತ್ರಗಳಲ್ಲಿ ಕಂಡು ಬೆರಗಾಗದವರು ಯಾರು? ಆದರೆ ಅದರ ಗುಟ್ಟಿರುವುದು ಎದೆಗಾರಿಕೆಯಲ್ಲಲ್ಲ, ಹಿಡಿತದಲ್ಲಿ.

ಎತ್ತಿನ ಗಾಡಿ ತಿರುಗುವುದನ್ನು ನೋಡಿ. ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಗಾಲಿಗಳ ನಡುವೆ 1.2 ಮೀಟರ್ ಅಂತರವಿದ್ದರೆ, ಅರ್ಧ ಸುತ್ತು ತಿರುಗುವಷ್ಟರಲ್ಲಿ ಈ ವ್ಯತ್ಯಾಸ ಸುಮಾರು 3.8 ಮೀಟರಾಗುತ್ತದೆ. ಗಾಡಿಯ ಗಾಲಿಗಳು ಅಚ್ಚಿನ ಮೇಲೆ ಬಿಡಿಯಾಗಿ ಉರುಳುವುದರಿಂದ ತೊಡಕಿಲ್ಲ. ಎಂಜಿನ್ನೇ ಎರಡನ್ನೂ ತಿರುಗಿಸುವ ಕಾರಿಗೆ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಜೋಡಣೆ ಬೇಕು. ಅದಕ್ಕೊಂದು ದೌರ್ಬಲ್ಯವುಂಟು: ತಿರುವಿನಲ್ಲಿ ಭಾರ ಹೊರಕ್ಕೆ ವಾಲಿದಾಗ, ಹಗುರಾದ ಒಳಗಾಲಿ ಬರಿದೇ ಗಿರಗಿರನೆ ಸುತ್ತಿ ಎಂಜಿನ್ನಿನ ಬಲ ವ್ಯರ್ಥವಾಗುತ್ತದೆ.

ಜರ್ಮನಿಯ ಆಟೋ ಯೂನಿಯನ್ ಪಂದ್ಯದ ಕಾರುಗಳಲ್ಲಿ ಈ ದೋಷವನ್ನು ಕಂಡ ಫರ್ಡಿನಾಂಡ್ ಪೋರ್ಶೆ, 1935ರಲ್ಲಿ ಜೆಡ್‌ಎಫ್ ಸಂಸ್ಥೆಯಿಂದ ‘ಲಿಮಿಟೆಡ್ ಸ್ಲಿಪ್’ ಡಿಫರೆನ್ಷಿಯಲ್ಲನ್ನು ಮಾಡಿಸಿದರು. ಅದು ಎರಡು ಗಾಲಿಗಳ ವೇಗದ ಅಂತರಕ್ಕೆ ಮಿತಿ ಹಾಕುತ್ತದೆ; ಎರಡೂ ಒಟ್ಟಾಗಿ ನೂಕುತ್ತವೆ, ಬಲ ಮೀರಿದರೆ ಒಟ್ಟಾಗಿಯೇ ಜಾರುತ್ತವೆ. ಆಗ ಚಾಲಕನು ಮುಂಗಾಲಿಗಳನ್ನು ಕಾರಿನ ಹಿಂಬದಿ ಜಾರುವ ಕಡೆಗೇ ತಿರುಗಿಸಿ, ಆಕ್ಸಿಲರೇಟರನ್ನು ಪಾದದ ತುದಿಯಲ್ಲಿ ತೂಗುತ್ತ ಆ ಓರೆಯನ್ನು ಕಾಯ್ದುಕೊಳ್ಳುತ್ತಾನೆ. ಕಾರು ಹಗುರಾದಷ್ಟೂ ಬೇಗ ಮಾತು ಕೇಳುತ್ತದೆ.

ಹಗುರ ಕಾರಿನ ಈ ಗುಣ ನಮ್ಮವರಿಗೆ ಹೊಸದಲ್ಲ. 1982ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ‘ಡಾಲ್ಫಿನ್’ ಕಾರಿಗೆ ಫೈಬರ್‌ಗ್ಲಾಸಿನ ಮೈ, 848 ಸಿ.ಸಿ. ಎಂಜಿನ್, ನೂಕುವ ಕೆಲಸ ಹಿಂಗಾಲಿಗಳದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 1983ರಲ್ಲಿ ಬಂದ ಮಾರುತಿಯೆದುರು ಅದು ಮಾರುಕಟ್ಟೆಯಲ್ಲಿ ನಿಲ್ಲದಿದ್ದರೂ, ರ‍್ಯಾಲಿಯ ಚಾಲಕರ ಮೆಚ್ಚುಗೆ ಗಳಿಸಿತು.

ಡ್ರಿಫ್ಟಿನ ತವರು ಜಪಾನ್. 1970ರ ದಶಕದಲ್ಲಿ ಕುನಿಮಿತ್ಸು ತಾಕಾಹಾಶಿ ಪಂದ್ಯದ ಅಂಗಳದಲ್ಲಿ ತೋರಿದ ಚಾಲನೆಯನ್ನು ಕೆಯಿಚಿ ತ್ಸುಚಿಯಾ ಬೆಟ್ಟದ ದಾರಿಗಳಲ್ಲಿ ಬೆಳೆಸಿದರು. ಈ ಶತಮಾನದ ಆರಂಭಕ್ಕೆ ಅದು ಮತ್ತೆ ಅಂಗಳಕ್ಕೇ ಮರಳಿ, ತೀರ್ಪುಗಾರರಿರುವ ಕ್ರೀಡೆಯಾಯಿತು.

ಅದರ ತಕ್ಕ ಜಾಗವೂ ಅದೇ. ಅಂಗಳದಲ್ಲಿ ಲೆಕ್ಕ ತಪ್ಪಿದ ಕಾರು ಬಯಲಿನಲ್ಲಿ ಸುತ್ತಿ ನಿಂತೀತು. ಬೆಟ್ಟದ ತಿರುವಿನಲ್ಲಿ ಒಂದು ಕಡೆ ಬಂಡೆ, ಮತ್ತೊಂದು ಕಡೆ ಕಣಿವೆ. ಎದುರಿಗೆ ಬರುವವರು ಕಾಣರು. ಬಯಲುಸೀಮೆಯ ನೇರದಾರಿಗಳಾದರೂ ಬರಿದಾಗಿರುತ್ತವೆಯೆ? ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತ, ಚಿಂತಾಮಣಿಯ ಟೊಮೇಟೊ ಲಾರಿ, ಗೌರಿಬಿದನೂರಿನ ಬಸ್ಸಿಗೆ ಕಾದು ನಿಂತ ತಾಯಿ ಮಗು — ಇವರಾರೂ ಆ ಆಟಕ್ಕೆ ಒಪ್ಪಿ ಬಂದವರಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 184ನೆಯ ಕಲಮು ಅಪಾಯಕರ ಚಾಲನೆಯನ್ನೂ, 189ನೆಯದು ಅನುಮತಿಯಿಲ್ಲದ ವೇಗದ ಪೈಪೋಟಿಯನ್ನೂ ಅಪರಾಧವೆನ್ನುವುದು ಇವರನ್ನು ಕಾಯಲೆಂದೇ. ವೇಗದ ವಿದ್ಯೆ ಕಲಿಯುವ ಹಂಬಲವುಳ್ಳವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಪಂದ್ಯದಾರಿಗಳುಂಟು.

ಗಾಲಿಗಳ ಜಾರಿಕೆಗೆ ಮಿತಿ ಹಾಕುವ ಯಂತ್ರವನ್ನು ಮನುಷ್ಯ ಕಂಡುಹಿಡಿದಿದ್ದಾನೆ. ಮನಸ್ಸಿಗೆ ಮಿತಿ ಹಾಕುವ ಯಂತ್ರ ಯಾವ ಅಂಗಡಿಯಲ್ಲೂ ಸಿಗದು. ಅದನ್ನು ಚಕ್ರ ಹಿಡಿದವನೇ ಮಾಡಿಕೊಳ್ಳಬೇಕು.