ಫೋನಿನೊಳಗೆ ಒತ್ತಕ್ಷರ ಮೂಡುವ ಬಗೆ

ಫೋನಿನಲ್ಲಿ ‘ಮೇಸ್ತ್ರಿ’ ಎಂದು ಬರೆದು, ಅಳಿಸುವ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತ ಹೋದರೆ ಕನ್ನಡ ಅಕ್ಷರದ ಒಳರಚನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಚ್ಚಿನ ಫೋನುಗಳಲ್ಲಿ ಮೊದಲ ಸಲ ಹೋಗುವುದು ಗುಡಿಸು ಮಾತ್ರ. ಪರದೆಯ ಮೇಲೆ ‘ಮೇಸ್ತ್ರ’ ಉಳಿಯುತ್ತದೆ. ಎರಡನೆಯ ಸಲ ರಕಾರದ ಒತ್ತು ಹೋಗಿ ‘ಮೇಸ್ತ್’ ಆಗುತ್ತದೆ. ಆಮೇಲೆ ‘ಮೇಸ್ತ’, ‘ಮೇಸ್’, ‘ಮೇಸ’, ‘ಮೇ’, ‘ಮ’. ಕಣ್ಣಿಗೆ ಎರಡೇ ಅಕ್ಷರವಾಗಿದ್ದ ಪದ ಪೂರ್ತಿ ಅಳಿಯಬೇಕಾದರೆ ಗುಂಡಿಯನ್ನು ಎಂಟು ಸಲ ಒತ್ತಬೇಕು. ಇದು ಫೋನಿನ ದೋಷವೆಂದು ಅನೇಕರು ಗೊಣಗುವುದುಂಟು. ದೋಷವೇನಲ್ಲ. ಫೋನು ಕನ್ನಡವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಹೊರಗೆ ಕಾಣಿಸುವ ಅಪರೂಪದ ಗಳಿಗೆ ಅದು.

ಫೋನಿನ ಸ್ಮೃತಿಯಲ್ಲಿ ‘ಮೇಸ್ತ್ರಿ’ ಎಂಬ ಆಕಾರ ಎಲ್ಲೂ ಇಲ್ಲ. ಅಲ್ಲಿರುವುದು 3246, 3271, 3256, 3277, 3236, 3277, 3248, 3263 ಎಂಬ ಎಂಟು ಸಂಖ್ಯೆಗಳ ಸಾಲು. 3246 ಎಂದರೆ ಮ, 3271 ಎಂದರೆ ಏಕಾರದ ಚಿಹ್ನೆ, 3256 ಸ, 3236 ತ, 3248 ರ, 3263 ಗುಡಿಸು. ಎರಡು ಸಲ ಬಂದಿರುವ 3277 ಹಲಂತದ ಸಂಖ್ಯೆ. ವ್ಯಂಜನದೊಳಗಿನ ಅಕಾರವನ್ನು ತೆಗೆದು, ಮುಂದಿನ ವ್ಯಂಜನ ಬಂದು ಕೂಡಿಕೊಳ್ಳಲು ದಾರಿ ಬಿಡುವುದು ಅದರ ಕೆಲಸ. ಬಾಯಿ ಉಚ್ಚರಿಸುವ ಕ್ರಮ ಯಾವುದೋ ಸಂಖ್ಯೆಗಳ ಕ್ರಮವೂ ಅದೇ. ಬರೆಯುವವರು ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆ ಬಳಸಲಿ, ಸರ್ಕಾರಿ ಮಾನಕವಾದ ಇನ್‌ಸ್ಕ್ರಿಪ್ಟ್ ಬಳಸಲಿ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಲಿಪ್ಯಂತರ ಕೀಲಿಮಣೆ ಬಳಸಲಿ, ಕೊನೆಗೆ ಒಳಗೆ ಸೇರುವುದು ಇದೇ ಎಂಟು ಸಂಖ್ಯೆ. ಕೀಲಿಮಣೆ ಬೇರೆಯಾದರೆ ಕನ್ನಡವೂ ಬೇರೆಯಾಗುತ್ತದೆ ಎಂಬ ಅಂಜಿಕೆಗೆ ಈಗ ಕಾರಣವಿಲ್ಲ.

ಈ ಸಂಖ್ಯೆಗಳನ್ನು ಗೊತ್ತುಮಾಡಿರುವ ಜಾಗತಿಕ ಪಟ್ಟಿಯ ಹೆಸರು ಯೂನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ದೊರೆತವು. ಭಾರತದ ಲಿಪಿಗಳಿಗಾಗಿ ದೇಶದೊಳಗೇ ರೂಪುಗೊಂಡಿದ್ದ ‘ಇಸ್ಕಿ’ ಎಂಬ ಮಾನಕದ 1988ರ ಆವೃತ್ತಿಯನ್ನು ಈ ಜೋಡಣೆಗೆ ಆಧಾರವಾಗಿ ಇಟ್ಟುಕೊಳ್ಳಲಾಯಿತು. ಈ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳಾದ್ದರಿಂದ ಒಂದೇ ಅಕ್ಷರಮಾಲೆಯ ಕ್ರಮದಲ್ಲಿ ಅವನ್ನು ಕೂರಿಸಬಹುದು ಎಂಬುದು ಇಸ್ಕಿಯ ಮೂಲ ತಿಳಿವಳಿಕೆ. ಅದರ ಫಲ ಇಂದಿಗೂ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ತೆಲುಗಿನ ಕಕಾರದ ಸಂಖ್ಯೆ 3093. ಅದಕ್ಕೆ 128 ಕೂಡಿಸಿದರೆ 3221, ಅದು ಕನ್ನಡದ ಕ. ಇನ್ನೊಂದು 128 ಕೂಡಿಸಿದರೆ 3349, ಅದು ಮಲಯಾಳಂನ ಕ. ಹಿಂದಕ್ಕೆ ಹೋದರೂ ಅದೇ ಲೆಕ್ಕ: ದೇವನಾಗರಿಯ ಕಕಾರ ಕನ್ನಡಕ್ಕಿಂತ ಸರಿಯಾಗಿ ಏಳು ಮೆಟ್ಟಿಲು, ಅಂದರೆ 896 ಸಂಖ್ಯೆ ಹಿಂದಿದೆ. ಬಹುಪಾಲು ಅಕ್ಷರಗಳಿಗೆ ಈ ಲೆಕ್ಕ ತಪ್ಪದೆ ಹೊಂದುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಬಂಡೆಯ ಮೇಲೆ ಕಾಣುವ ಲಿಪಿಯ ವಂಶವೃಕ್ಷ ಇಪ್ಪತ್ತೆರಡು ಶತಮಾನ ದಾಟಿ ಫೋನಿನೊಳಗಿನ ಕೂಡುವ ಲೆಕ್ಕವಾಗಿ ಉಳಿದಿರುವುದು ನಿಜಕ್ಕೂ ಬೆರಗಿನ ಸಂಗತಿ.

ಸಂಖ್ಯೆಗಳ ಸಾಲನ್ನು ಕಣ್ಣಿಗೆ ಕಾಣುವ ಅಕ್ಷರವಾಗಿ ಮಾಡುವುದು ಬೇರೆಯೇ ಒಂದು ತಂತ್ರಾಂಶದ ಹೊಣೆ. ಆಂಡ್ರಾಯ್ಡ್ ಫೋನುಗಳಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ ಈ ಕೆಲಸ ಮಾಡುವುದು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ. ಅದರ ಮುಂದಿರುವ ತೊಡಕು ಚಿಕ್ಕದಲ್ಲ. ‘ಸ್ತ್ರಿ’ ಎನ್ನುವಾಗ ಬಾಯಿ ಮೊದಲು ಸಕಾರ, ಆಮೇಲೆ ತಕಾರ, ರಕಾರ, ಕೊನೆಗೆ ಇಕಾರ ಹೇಳುತ್ತದೆ. ಕೈ ಬರೆಯುವ ಕ್ರಮ ಬೇರೆ. ಶಾಲೆಯ ಮಗು ಮೊದಲು ಸಕಾರಕ್ಕೆ ಗುಡಿಸು ಕೊಟ್ಟು ‘ಸಿ’ ಬರೆದು, ಆಮೇಲೆ ತಕಾರದ ಒತ್ತನ್ನೂ ರಕಾರದ ಒತ್ತನ್ನೂ ಸೇರಿಸುತ್ತದೆ. ಸಾಲಿನ ಕಟ್ಟಕಡೆಯಲ್ಲಿರುವ ಇಕಾರ ಎಲ್ಲರನ್ನೂ ದಾಟಿ ಬಂದು ಮೊದಲಿನ ಸಕಾರದ ತಲೆಯ ಮೇಲೆ ಕೂರಬೇಕು. ಹಾಗಾಗಿ ತಂತ್ರಾಂಶ ಮೊದಲು ಸಾಲನ್ನು ಒಂದೊಂದು ಅಕ್ಷರದ ಗುಂಪಾಗಿ ಒಡೆಯುತ್ತದೆ. ಗುಂಪಿನಲ್ಲಿ ಮೂಲವ್ಯಂಜನ ಯಾವುದು, ಒತ್ತಾಗುವವು ಯಾವುವು ಎಂದು ಗುರುತಿಸುತ್ತದೆ. ಸ್ವರಚಿಹ್ನೆಯನ್ನು ಮೂಲವ್ಯಂಜನದ ಬಳಿಗೆ ಸರಿಸುತ್ತದೆ. ಆಮೇಲೆ ಫಾಂಟನ್ನು ಕೇಳುತ್ತದೆ: ಈ ಎರಡಕ್ಕೆ ಕೂಡಿದ ರೂಪ ಇದೆಯೆ, ಈ ವ್ಯಂಜನಕ್ಕೆ ಒತ್ತಿನ ರೂಪ ಯಾವುದು, ಅದನ್ನು ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಇಡಬೇಕು? ಉತ್ತರಗಳು ಫಾಂಟಿನೊಳಗಿನ ಕೋಷ್ಟಕಗಳಲ್ಲಿ ಬರೆದಿರುತ್ತವೆ. ‘ಕ್ಷ’ ಮತ್ತು ‘ಜ್ಞ’ಗಳನ್ನು ಒಡೆಯದ ಒಂದೇ ಆಕೃತಿಯಾಗಿ ತರುವ ನಿಯಮಕ್ಕೆ ಫಾಂಟ್ ತಂತ್ರಜ್ಞಾನದಲ್ಲಿ ಇರುವ ಹೆಸರು ‘ಅಖಂಡ’. ಆ ಶಬ್ದ ಜಗತ್ತಿನಾದ್ಯಂತ ಫಾಂಟ್ ತಯಾರಕರ ಕೈಪಿಡಿಗಳಲ್ಲಿ ಹಾಗೆಯೇ ಬಳಕೆಯಲ್ಲಿದೆ.

ಎಲ್ಲಕ್ಕಿಂತ ಸೊಗಸಾದದ್ದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿ ಆಮೇಲೆ ಯಕಾರ ಹೇಳುತ್ತಾರೆ. ಬರವಣಿಗೆಯಲ್ಲಿ ಯಕಾರವೇ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಸ್ಮೃತಿಯಲ್ಲಿ ರ, ಹಲಂತ, ಯ ಎಂದೇ ಇದ್ದರೂ ತಂತ್ರಾಂಶ ರಕಾರವನ್ನು ಎತ್ತಿ ಆಚೆ ಇಡುತ್ತದೆ. ಹಾಗಿದ್ದರೆ ‘ರ‍್ಯಾಂಕ್’ ಬರೆಯುವುದು ಹೇಗೆ? ಅಲ್ಲಿರುವುದೂ ರ, ಹಲಂತ, ಯ. ಆದರೆ ಅಲ್ಲಿ ರಕಾರ ಪೂರ್ತಿ ಕಾಣಬೇಕು, ಯಕಾರ ಒತ್ತಾಗಬೇಕು. ಇದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ 8205 ಎಂಬ ಸಂಖ್ಯೆಯನ್ನು ಇಡಲಾಗುತ್ತದೆ. ಅದಕ್ಕೆ ಆಕಾರವಿಲ್ಲ, ಅಗಲವೂ ಇಲ್ಲ. ಅದರ ಕೆಲಸ ಅರ್ಕಾವತ್ತು ಬೇಡ ಎಂದು ಸೂಚಿಸುವುದು ಮಾತ್ರ. ಅದರ ನೆರೆಯ 8204 ಕೂಡ ಕಣ್ಣಿಗೆ ಕಾಣದ್ದೇ. ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಅದು ಕುಳಿತಿರುತ್ತದೆ. ಅದನ್ನು ತೆಗೆದರೆ ಹೆಸರು ‘ರಾಜ್ಕುಮಾರ್’ ಆಗಿ, ಕಕಾರ ಜಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ. ಎರಡೂ ಬರಹಗಳನ್ನು ಓದುವವರಿಗೆ ಹೆಸರು ಒಂದೇ. ಸಂಖ್ಯೆಗಳನ್ನಷ್ಟೇ ಹೋಲಿಸುವ ಸರಳ ತಂತ್ರಾಂಶಕ್ಕೆ ಅವು ಬೇರೆ ಬೇರೆ ಇಬ್ಬರ ಹೆಸರು. ಹೆಸರಿನ ಪಟ್ಟಿಗಳನ್ನು ಕಟ್ಟುವವರು ಈ ಎರಡು ಅಗೋಚರ ಸಂಖ್ಯೆಗಳ ಬಗ್ಗೆ ಎಚ್ಚರದಿಂದಿರಬೇಕು.

ಸರಿಸುವ, ಕೂಡಿಸುವ ಈ ಲೆಕ್ಕ ಎಷ್ಟು ನಾಜೂಕಾದದ್ದು ಎಂಬುದು 2018ರ ಫೆಬ್ರವರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ತೆಲುಗಿನ ‘ಜ್ಞಾ’ ಅಕ್ಷರದೊಳಗೆ ಒಂದು 8204 ಸೇರಿಕೊಂಡ ರೂಪವನ್ನು ಸಂದೇಶವಾಗಿ ಕಳಿಸಿದರೆ ಐಫೋನಿನ ಸಂದೇಶದ ಆ್ಯಪ್ ಕುಸಿದುಬೀಳುತ್ತಿತ್ತು. ಆಕಾರ ಕಟ್ಟುವ ತಂತ್ರಾಂಶ ಆ ಸಾಲನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ಮುಗ್ಗರಿಸಿದ್ದೇ ಕಾರಣ. ಅದೇ ತಿಂಗಳು ತಿದ್ದುಪಡಿ ಬಂತು. ಆ ಅಕ್ಷರದಲ್ಲಿ ವೈರಸ್ ಇದೆ ಎಂದು ಹಬ್ಬಿದ ಸುದ್ದಿ ಶುದ್ಧ ಸುಳ್ಳು. ಯಾವ ಅಕ್ಷರದಲ್ಲೂ ವೈರಸ್ ಇರುವುದಿಲ್ಲ.

ಇದಕ್ಕಿಂತ ಬೇರೂರಿದ ತಪ್ಪು ತಿಳಿವಳಿಕೆ ಇನ್ನೊಂದಿದೆ. ಡಿಟಿಪಿ ಅಂಗಡಿಗಳಲ್ಲೂ ಕಚೇರಿಗಳಲ್ಲೂ ‘ಯೂನಿಕೋಡ್ ಫಾಂಟು ಬೇಡ, ನುಡಿ ಫಾಂಟಿನಲ್ಲಿ ಕೊಡಿ’ ಎಂಬ ಮಾತು ಸಾಮಾನ್ಯ. ಯೂನಿಕೋಡ್ ಫಾಂಟ್ ಅಲ್ಲ. ಅದು ಸಂಖ್ಯೆಗಳ ಪಟ್ಟಿ. ಫಾಂಟ್ ಎಂದರೆ ಆಕೃತಿಗಳ ಪೆಟ್ಟಿಗೆ. ಈ ಗೊಂದಲಕ್ಕೆ ಒಂದು ಚರಿತ್ರೆಯಿದೆ. ಸಂಯುಕ್ತಾಕ್ಷರ ಕಟ್ಟುವ ತಂತ್ರಾಂಶ ಕಂಪ್ಯೂಟರುಗಳಲ್ಲಿ ಇಲ್ಲದ ಕಾಲದಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದುದು 256 ಮನೆ ಮಾತ್ರ, ಅದರಲ್ಲೂ ಬಳಸಬಹುದಾದವು ಇನ್ನೂ ಕಡಿಮೆ. ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಸುವುದಿಲ್ಲ. ಆಗ ಕನ್ನಡದ ತಂತ್ರಜ್ಞರು ಜಾಣ ದಾರಿ ಹಿಡಿದರು: ಅಕ್ಷರಗಳನ್ನು ತುಂಡುಗಳಾಗಿ ಕತ್ತರಿಸಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಆ ತುಂಡುಗಳನ್ನು ಕೂರಿಸಿದರು. 1998ರಲ್ಲಿ ಬಂದ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಈ ದಾರಿಯಲ್ಲೇ ನಾಡಿನ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಕನ್ನಡವನ್ನು ತಲುಪಿಸಿದವು. ಆ ಉಪಕಾರ ದೊಡ್ಡದು.

ಆದರೆ ಆ ಕಡತಗಳ ಒಳಗಿರುವುದು ಕನ್ನಡವಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಏಳು ಚಿಹ್ನೆಗಳು ಕಾಣುತ್ತವೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಎಸ್ಸೆಟ್, ಚಿಕ್ಕ ಕ್ಯೂ, ಮತ್ತೊಮ್ಮೆ ಗೀಟಿನ ಎ. ಪಿ ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು. ಗೀಟಿನ ಎ ಎಂಬುದೇ ತಲೆಕಟ್ಟು. ಅದಕ್ಕೇ ಮೂರು ಸಲ ಬಂದಿದೆ. ಪೌಂಡ್ ಗುರುತು ನಕಾರದ ಒಡಲು, ಎಸ್ಸೆಟ್ ನಕಾರದ ಒತ್ತು, ಕ್ಯೂ ಡಕಾರದ ಒಡಲು. ದಶಕಗಳ ಸರ್ಕಾರಿ ಆದೇಶ, ಪತ್ರಿಕೆಯ ಪುಟ, ಪುಸ್ತಕದ ಕರಡುಗಳಲ್ಲಿ ನಕಾರ ಬಂದ ಎಷ್ಟೋ ಕಡೆ ಒಂದು ಪೌಂಡ್ ಗುರುತು ಅಡಗಿ ಕುಳಿತಿದೆ. ಯೂನಿಕೋಡಿನಲ್ಲಾದರೆ ಅದೇ ‘ಕನ್ನಡ’ಕ್ಕೆ ಐದು ಸಂಖ್ಯೆ ಸಾಕು: ಕ, ನ, ಹಲಂತ, ನ, ಡ.

ಹಳೆಯ ಕ್ರಮದಲ್ಲಿ ಉಳಿದುಕೊಂಡಿದ್ದು ಆಕಾರ. ಹೊಸದರಲ್ಲಿ ಉಳಿಯುವುದು ಉಚ್ಚಾರ. ಈ ವ್ಯತ್ಯಾಸದ ಪರಿಣಾಮ ಬದುಕಿನ ಮೇಲೆ ನೇರವಾಗಿ ಆಗುತ್ತದೆ. ಹಳೆಯ ಕಡತದಲ್ಲಿ ‘ನೀರಾವರಿ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಒಂದೂ ಸಿಗದು, ಕಡತದ ತುಂಬ ನೀರಾವರಿಯ ಮಾತೇ ಇದ್ದರೂ. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಪಿ, ಕ್ಯೂ, ಪೌಂಡುಗಳ ಕ್ರಮದಲ್ಲಿ ಅದು ಜೋಡಣೆಯಾಗುತ್ತದೆ. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿಸಿಕೊಳ್ಳುವ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಕನ್ನಡವಾಗಿ ಓದುತ್ತವೆ. ಹಳೆಯ ಕಡತ ಕೊಟ್ಟರೆ ಅರ್ಥವಿಲ್ಲದ ಚಿಹ್ನೆಗಳ ಹೆಸರು ಹೇಳುತ್ತವೆ. ಕಾಣುವವರಿಗೆ ಇದು ಅನನುಕೂಲ. ಕಾಣದವರಿಗೆ ಮುಚ್ಚಿದ ಬಾಗಿಲು. ಇಂದಿಗೂ ಸಾರ್ವಜನಿಕ ಪ್ರಕಟಣೆಗಳನ್ನು ಹಳೆಯ ಫಾಂಟಿನಲ್ಲೇ ಹೊರಡಿಸುವುದು ಈ ಕಾರಣಕ್ಕೆ ತಪ್ಪು.

ಬದಲಾವಣೆ ತಡವಾಗಲು ಒಂದು ಕಾರಣ ಪುಟವಿನ್ಯಾಸದ ತಂತ್ರಾಂಶ. ನಾಡಿನ ಮುದ್ರಣಾಲಯಗಳಲ್ಲಿ ಬೇರೂರಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡದ ಸಂಯುಕ್ತಾಕ್ಷರ ಕಟ್ಟುವ ಶಕ್ತಿ ಕೊನೆಯವರೆಗೂ ಬರಲಿಲ್ಲ. ಫೋನುಗಳೂ ಬಹುಕಾಲ ಹಿಂದೆ ಉಳಿದಿದ್ದವು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಓದಲೇಬೇಕೆಂದಿದ್ದವರು ಒಪೆರಾ ಮಿನಿ ಬ್ರೌಸರಿನಲ್ಲಿ ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಳ್ಳುವ ಒಂದು ಆಯ್ಕೆಯನ್ನು ಹುಡುಕಿ ಬಳಸುತ್ತಿದ್ದರು. ಅಂಥ ಖಾಲಿ ಚೌಕಗಳಿಗೆ ಫಾಂಟ್ ಲೋಕದ ಅಡ್ಡಹೆಸರು ‘ತೋಫು’. ಅವು ಎಲ್ಲೂ ಕಾಣಿಸಬಾರದು ಎಂಬ ಉದ್ದೇಶದಿಂದಲೇ ಗೂಗಲ್ ತನ್ನ ಫಾಂಟ್ ಕುಟುಂಬಕ್ಕೆ, ‘ನೋ ತೋಫು’ ಎಂಬುದನ್ನು ಮೊಟಕುಗೊಳಿಸಿ, ‘ನೋಟೋ’ ಎಂದು ಹೆಸರಿಟ್ಟಿತು. ಕನ್ನಡದ ನೋಟೋ ಇಂದು ಅಸಂಖ್ಯ ಫೋನುಗಳಲ್ಲಿದೆ.

ಕನ್ನಡ ಲಿಪಿ ಕಂಪ್ಯೂಟರಿಗೆ ಒಗ್ಗದು, ಒತ್ತಕ್ಷರಗಳನ್ನು ಕೈಬಿಟ್ಟು ಅದನ್ನು ಸರಳಗೊಳಿಸಬೇಕು ಎಂಬ ವಾದಕ್ಕೆ ಈಗ ಆಧಾರವೇ ಇಲ್ಲ. ಪದದೊಳಗಿನ ಸ್ಥಾನ ನೋಡಿ ಪ್ರತಿ ಅಕ್ಷರದ ಆಕಾರ ಬದಲಿಸುವ ಅರಬ್ಬಿ ಲಿಪಿಯನ್ನೂ ಇದೇ ಹಾರ್ಫ್‌ಬಜ್ ಕಟ್ಟುತ್ತದೆ. ಒಗ್ಗದಿದ್ದದ್ದು ಆಗಿನ ಯಂತ್ರ, ಲಿಪಿಯಲ್ಲ. ಉಳಿದಿರುವ ನಿಜವಾದ ಹೊರೆಯೆಂದರೆ ಜಾಗದ್ದು. ಕನ್ನಡದ ಒಂದೊಂದು ಸಂಖ್ಯೆಯೂ ಈಗ ಎಲ್ಲೆಡೆ ಬಳಕೆಯಲ್ಲಿರುವ ಕ್ರಮದಲ್ಲಿ ಮೂರು ಬೈಟ್ ತೆಗೆದುಕೊಳ್ಳುವುದರಿಂದ ‘ಮೇಸ್ತ್ರಿ’ಗೆ 24 ಬೈಟ್ ಬೇಕು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರದ ಜಾಗವಿದ್ದರೆ ಕನ್ನಡಕ್ಕೆ ಸಿಗುವುದು 70 ಸಂಖ್ಯೆ. ‘ಸ್ತ್ರಿ’ ಒಂದೇ ಅದರಲ್ಲಿ ಆರನ್ನು ನುಂಗುತ್ತದೆ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅವು ತುಂಡುಗಳನ್ನು ಗುರುತಿಸಿ ಕೂಡಿಸಬೇಕು. ಅಕ್ಷರದ ಬಲಕ್ಕಿರುವ ಅರ್ಕಾವತ್ತನ್ನು ಎತ್ತಿ ರಕಾರವಾಗಿ ಮುಂದಕ್ಕೆ ತರಬೇಕು. ಕಡತ ನುಡಿಯದೋ, ಶ್ರೀಲಿಪಿ ಎಂಬ ಇನ್ನೊಂದು ಹಳೆಯ ತಂತ್ರಾಂಶದ್ದೋ ಎಂದು ಮೊದಲೇ ತಿಳಿದಿರಬೇಕು, ಏಕೆಂದರೆ ಎರಡರ ಮನೆಗಳು ಬೇರೆ ಬೇರೆ. ನಡುವೆ ನಿಜವಾದ ಇಂಗ್ಲಿಷ್ ಪದ ಬಂದರೆ ಪರಿವರ್ತಕ ಅದನ್ನೂ ತುಂಡುಗಳೆಂದೇ ಎಣಿಸಿ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಆದ್ದರಿಂದ ಪರಿವರ್ತನೆಯಾದ ಪ್ರತಿ ಪುಟವನ್ನೂ ಕರಡು ತಿದ್ದುವವರು ಮೂಲದ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ, ಅರ್ಕಾವತ್ತು ಮತ್ತು ಇಂಗ್ಲಿಷ್ ಪದಗಳಿರುವ ಸಾಲುಗಳನ್ನಂತೂ ಎರಡು ಸಲ.